ಡಿಸ್‌ಪ್ಲೇ ನಾಯ್ಸ್: ಮಳೆಗೂ ಚಾರ್ಜರ್‌ಗೂ ಇದಕ್ಕೂ ಸಂಬಂಧವಿಲ್ಲ

ಜೂನ್ ಬಂತೆಂದರೆ ಶಿವಮೊಗ್ಗದ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಒಂದೇ ಮಾತು: "ಡಿಸ್‌ಪ್ಲೇ ನಾಯ್ಸ್ ಸರ್, ಫೋಲ್ಡರ್ ಬದಲಿಸ್ಬೇಕು." ಫೋಲ್ಡರ್ ಅಂದರೆ ಪರದೆ, ಟಚ್ ಎರಡೂ ಸೇರಿದ ಬಿಡಿಭಾಗ. ತೀರ್ಥಹಳ್ಳಿಯಿಂದ ಮಳೆಯಲ್ಲಿ ನೆನೆದ ಫೋನ್ ತಂದವರಿಗೂ ಇದೇ ಉತ್ತರ. ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ಕುಣಿಯುತ್ತೆ ಅಂದವರಿಗೂ ಇದೇ. ದಪ್ಪ ಗ್ಲಾಸ್ ಅಂಟಿಸಿಕೊಂಡ ಮೇಲೆ ಟಚ್ ಮಂಕಾಯ್ತು ಅಂದವರಿಗೂ ಇದೇ. ಈ ಮೂರರಲ್ಲಿ ಒಂದೂ ಡಿಸ್‌ಪ್ಲೇ ನಾಯ್ಸ್ ಅಲ್ಲ.

ಚಿತ್ರ ತೋರಿಸುವ ಪರದೆ ತನ್ನ ಪಾಡಿಗೆ ಕೆಲಸ ಮಾಡುವಾಗ ಅದರೊಳಗಿನ ವೋಲ್ಟೇಜ್ ಏರಿಳಿತ ಮೇಲಿನ ಟಚ್ ಪದರಕ್ಕೆ ತಗಲುತ್ತದಲ್ಲ, ಅದು ಡಿಸ್‌ಪ್ಲೇ ನಾಯ್ಸ್. ಅದಕ್ಕೆ ಬೆರಳು ಬೇಡ, ಚಾರ್ಜರ್ ಬೇಡ, ನೀರೂ ಬೇಡ. ಫೋನ್ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದರೂ, ಪರದೆ ಬೆಳಗುತ್ತಿದ್ದರೆ ಅದು ಇದ್ದೇ ಇರುತ್ತದೆ. ಎಲ್ಲ ಫೋನ್‌ಗಳಲ್ಲೂ ಇರುತ್ತದೆ. ನಮಗೆ ಗೊತ್ತಾಗದಷ್ಟು ಅದನ್ನು ತಗ್ಗಿಸಿರುತ್ತಾರೆ, ಅಷ್ಟೇ.

ಟಚ್ ಪದರದಲ್ಲಿ ಐಟಿಒ ಅನ್ನುವ ಪಾರದರ್ಶಕ ವಸ್ತುವಿನ ಅಡ್ಡ ಗೆರೆ, ಉದ್ದ ಗೆರೆಗಳಿರುತ್ತವೆ. ಒಂದು ಸಾಲಿಗೆ ಸಿಗ್ನಲ್ ಕೊಟ್ಟು ಇನ್ನೊಂದು ಸಾಲಿನಲ್ಲಿ ಅದನ್ನು ಅಳೆಯುತ್ತಾರೆ. ಎರಡೂ ಹಾಯುವ ಜಾಗದ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಶಕ್ತಿ, ಪಿಕೋಫ್ಯಾರಡ್ ಲೆಕ್ಕದ್ದು, ತೀರಾ ಸಣ್ಣದು. ಬೆರಳು ಬಂದಾಗ ಅದರಲ್ಲೂ ಒಂದು ಚೂರು ಮಾತ್ರ ಕಡಿಮೆಯಾಗುತ್ತದೆ. ಆ ಚೂರನ್ನು ಹಿಡಿಯುವುದೇ ಟಚ್ ಚಿಪ್‌ನ ಕೆಲಸ. ಅದರ ಕೆಳಗೇ ಎಲ್‌ಸಿಡಿ. ಲಿಕ್ವಿಡ್ ಕ್ರಿಸ್ಟಲ್‌ಗೆ ಒಂದೇ ದಿಕ್ಕಿನ ವೋಲ್ಟೇಜ್ ಕೊಡುತ್ತಲೇ ಇದ್ದರೆ ಅದು ಹಾಳಾಗುತ್ತದೆ. ಹಾಗಾಗಿ ದಿಕ್ಕನ್ನು ಅದಲು ಬದಲು ಮಾಡುತ್ತಲೇ ಇರಬೇಕು. ವಿಕಾಮ್ ಅನ್ನುವ, ಎಲ್ಲ ಪಿಕ್ಸೆಲ್‌ಗಳಿಗೂ ಸೇರಿದ ಎಲೆಕ್ಟ್ರೋಡ್ ಈ ಹೊಯ್ದಾಟಕ್ಕೆ ಸಿಕ್ಕಿ ಅಲುಗುತ್ತದೆ. ಅಲುಗಿದ್ದು ಮೇಲಿನ ಪದರಕ್ಕೂ ಹೋಗುತ್ತದೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಈ ನಾಯ್ಸ್ ಪರದೆಯ ಮೇಲಿರುವ ಚಿತ್ರವನ್ನು ನೋಡಿ ಬದಲಾಗುತ್ತದೆ. ಪೂರ್ತಿ ಬಿಳಿ ಪರದೆಯಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದು ಪಿಕ್ಸೆಲ್ ಕಪ್ಪು, ಪಕ್ಕದ್ದು ಬಿಳಿ ಅನ್ನುವಂಥ ಸಣ್ಣ ಚೌಕಳಿ ಚಿತ್ರ ಹಾಕಿದರೆ ಆ ಲೆಕ್ಕ ತಪ್ಪಿ, ವಿಕಾಮ್ ಜಾಸ್ತಿ ಅಲುಗಬಹುದು. ಟಚ್ ಎಂಜಿನಿಯರ್‌ಗಳು ಪರೀಕ್ಷೆಗೆ ಬೇಕೆಂದೇ ಇಂಥ ಕೆಟ್ಟ ಚಿತ್ರಗಳನ್ನು ಹಾಕುತ್ತಾರೆ. ಮಳೆ ಬಂದಾಗ ಟಚ್ ಕೆಡುತ್ತೆ ಅನ್ನುವವರು ಇದನ್ನೊಮ್ಮೆ ಯೋಚಿಸಲಿ. ಆಗುಂಬೆಯ ಮಳೆಗೆ ನಿಮ್ಮ ವಾಲ್‌ಪೇಪರ್ ಯಾವುದು ಅಂತ ಹೇಗೆ ಗೊತ್ತು?

ಮಳೆಯಲ್ಲಿ ಆಗುವುದು ಬೇರೆ. ಗಾಜಿನ ಮೇಲೆ ಒಂಟಿಯಾಗಿ ಕೂತ ಹನಿ ಎರಡು ಗೆರೆಗಳ ನಡುವಿನ ಕೆಪಾಸಿಟೆನ್ಸನ್ನು ಹೆಚ್ಚಿಸುತ್ತದೆ. ಬೆರಳು ಮಾಡುವುದಕ್ಕೆ ಇದು ತದ್ವಿರುದ್ಧ. ಅದೇ ಹನಿ ಹರಿದು ನಿಮ್ಮ ಬೆರಳಿಗೋ ಫೋನಿನ ಲೋಹದ ಅಂಚಿಗೋ ಸೇರಿತು ಅನ್ನಿ, ಆಗ ಅದೇ ಬೆರಳಿನ ಹಾಗೆ ಕಾಣುತ್ತದೆ. ಚಿಪ್‌ಗೆ ಗೊಂದಲ. ಒರೆಸಿದರೆ ಸರಿಹೋಗುತ್ತದೆ. ಒರೆಸಿದರೆ ಹೋಗುವಂಥದ್ದಕ್ಕೆ ಫೋಲ್ಡರ್ ಯಾಕೆ?

ಚಾರ್ಜರ್ ಕತೆ ಇನ್ನೊಂದು. ಕಳಪೆ ಎರಡು ಪಿನ್ ಚಾರ್ಜರ್ ಹಾಕಿದಾಗ ಇಡೀ ಫೋನಿನ ವೋಲ್ಟೇಜೇ ಭೂಮಿಗೆ ಹೋಲಿಸಿದರೆ ಮೇಲೆ ಕೆಳಗೆ ಕುಣಿಯುತ್ತದೆ. ಲೋಹದ ಬೆನ್ನು ಮುಟ್ಟಿದರೆ ಕೈ ಜುಮ್ಮೆನ್ನುವುದೂ ಇಂಥ ಚಾರ್ಜರ್‌ನಿಂದಲೇ. ಆದರೆ ಬೆರಳು ಇಡುವ ತನಕ ಟಚ್‌ಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಬೆರಳಿಟ್ಟ ಕೂಡಲೇ ಬೆರಳಿನ ಮೂಲಕವೇ ನಾಯ್ಸ್ ಒಳಗೆ ಬಂದು, ಆ ಗೆರೆಯ ಉದ್ದಕ್ಕೂ ಸುಳ್ಳು ಒತ್ತುಗಳು ಹುಟ್ಟುತ್ತವೆ. ಚಾರ್ಜರ್ ಕಿತ್ತರೆ ನಿಂತುಹೋಗುತ್ತದೆ. ಡಿಸ್‌ಪ್ಲೇ ನಾಯ್ಸ್ ಹಾಗೆ ನಿಲ್ಲುವುದಿಲ್ಲ.

ಇನ್ನು ಕಡಿಮೆ ಮಾಡುವ ದಾರಿಗಳು. ಹಳೆಯ ಫೋನ್‌ಗಳಲ್ಲಿ ಟಚ್ ಗಾಜಿಗೂ ಎಲ್‌ಸಿಡಿಗೂ ನಡುವೆ ಗಾಳಿ ಇತ್ತು. ದೂರ ಇದ್ದಷ್ಟೂ ತಾಪತ್ರಯ ಕಡಿಮೆ. ಈಗ ಎರಡನ್ನೂ ಪಾರದರ್ಶಕ ಅಂಟಿನಿಂದ ಸೇರಿಸುತ್ತಾರೆ. ಚಿತ್ರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅಂತರವೂ ಹೋಯಿತು. ಗಾಳಿಗಿಂತ ಅಂಟಿನ ಮೂಲಕ ನಾಯ್ಸ್ ಸುಲಭವಾಗಿ ದಾಟುತ್ತದೆ. ನಡುವೆ ಇನ್ನೊಂದು ಐಟಿಒ ಪದರ ಹಾಕಿ ಗ್ರೌಂಡ್ ಮಾಡಿದರೆ ಅದು ನಾಯ್ಸ್ ತಡೆಯುವ ಷೀಲ್ಡ್ ಆಗುತ್ತದೆ. ಖರ್ಚು ಜಾಸ್ತಿ, ದಪ್ಪ ಜಾಸ್ತಿ, ಬೆಳಕೂ ಸ್ವಲ್ಪ ಕಡಿಮೆ. ಫೋನ್ ತೆಳ್ಳಗಿರಬೇಕು ಅಂತ ಹಟ ಶುರುವಾದ ಮೇಲೆ ಅದೂ ಹೋಯಿತು.

ನನಗೆ ಇಷ್ಟವಾಗುವುದು ಸಮಯದ ಉಪಾಯ. ತಾಳಮದ್ದಳೆಯಲ್ಲಿ ಚಂಡೆ ನಿಂತಾಗ ಅರ್ಥಧಾರಿ ಮಾತು ತೆಗೆಯುವ ಹಾಗೆ, ಡಿಸ್‌ಪ್ಲೇ ಬಿಡುವು ಕೊಟ್ಟಾಗ ಟಚ್ ಅಳೆಯುತ್ತದೆ. ಪರದೆ ಒಂದು ಸಾಲು ಬರೆದು ಇನ್ನೊಂದಕ್ಕೆ ಹೋಗುವಾಗ, ಒಂದು ಫ್ರೇಮ್ (ಒಂದು ಪೂರ್ತಿ ಚಿತ್ರ) ಮುಗಿಸಿ ಮುಂದಿನದಕ್ಕೆ ಹೋಗುವಾಗ ಸಣ್ಣ ಬಿಡುವು ಇರುತ್ತದೆ. ಡಿಸ್‌ಪ್ಲೇ ಚಿಪ್, ಟಚ್ ಚಿಪ್ ಎರಡೂ ತಾಳ ಹೊಂದಿಸುವ ಒಂದೇ ಸಿಂಕ್ ಸಿಗ್ನಲ್ ಹಂಚಿಕೊಂಡರೆ ಆ ಬಿಡುವಿನಲ್ಲೇ ಕೆಲಸ ಮುಗಿಸಬಹುದು. 2012ರ ಐಫೋನ್ 5ರಲ್ಲಿ ಬಂದ ಇನ್‌ಸೆಲ್ ತಂತ್ರದಲ್ಲಂತೂ ಟಚ್‌ಗೆ ಬೇರೆ ಪದರವೇ ಇಲ್ಲ. ಎಲ್‌ಸಿಡಿಯ ಒಳಗಿನ ಎಲೆಕ್ಟ್ರೋಡ್‌ಗಳೇ ಒಂದು ಗಳಿಗೆ ಚಿತ್ರಕ್ಕೆ, ಮರುಗಳಿಗೆ ಟಚ್‌ಗೆ ದುಡಿಯುತ್ತವೆ. ನಾಯ್ಸ್‌ನ ಮೂಲವನ್ನೇ ಕೆಲಸಕ್ಕೆ ಹಚ್ಚಿದ್ದು ಜಾಣತನ ಅಲ್ವಾ?

ಆದರೆ ಬಿಡುವು ಎಷ್ಟಿರುತ್ತದೆ ನೋಡಿ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಫ್ರೇಮ್ ಬರೆಯುವಾಗ, ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಪರದೆಯಲ್ಲಿ 2400 ಸಾಲು ಇದ್ದರೆ ಒಂದು ಸಾಲಿನ ಪಾಲಿಗೆ ಸುಮಾರು 7 ಮೈಕ್ರೋಸೆಕೆಂಡ್. 120 ಹರ್ಟ್ಸ್ ಮಾಡಿದರೆ ಅದರಲ್ಲೂ ಅರ್ಧ. ಬಿಡುವು ಇನ್ನೂ ಸಣ್ಣದು. ಅದಕ್ಕೇ ಬೇರೆ ಉಪಾಯಗಳೂ ಬೇಕು. ಅಕ್ಕಪಕ್ಕದ ಎರಡು ಗೆರೆಗಳ ಅಳತೆಯನ್ನು ಕಳೆದರೆ ಎರಡಕ್ಕೂ ಸಮನಾಗಿ ಬಂದ ನಾಯ್ಸ್ ಹೋಗಿ, ಬೆರಳಿನ ವ್ಯತ್ಯಾಸ ಉಳಿಯುತ್ತದೆ. ಗಲಾಟೆ ಇಲ್ಲದ ಫ್ರೀಕ್ವೆನ್ಸಿಗೆ ಹಾರಬಹುದು, ಟಚ್ ಸಾಲಿಗೆ ಕೊಡುವ ಸಿಗ್ನಲ್‌ನ ವೋಲ್ಟೇಜ್ ಏರಿಸಬಹುದು. ನಾಲ್ಕಾರು ಸಲ ಅಳೆದು ಸರಾಸರಿ ತೆಗೆಯಬಹುದು, ಆದರೆ ಟಚ್ ನಿಧಾನವಾಗುತ್ತದೆ. ಪಿಕ್ಸೆಲ್‌ಗಳೇ ಬೆಳಗುವ ಅಮೋಲೆಡ್ ಪರದೆಯಲ್ಲಿ ವಿಕಾಮ್ ಇಲ್ಲ, ಹಾಗಂತ ನೆಮ್ಮದಿಯೂ ಇಲ್ಲ. ಮೈಕ್ರಾನ್‌ಗಳಲ್ಲಿ ಅಳೆಯುವಷ್ಟು ತೆಳುವಾದ ಪದರದ ಕೆಳಗೆ ಅದರ ಕ್ಯಾಥೋಡ್ ಅನ್ನುವ ಎಲೆಕ್ಟ್ರೋಡ್ ಇದೆ, ಅದೂ ಅಲುಗುತ್ತದೆ.

ದಪ್ಪ ಗ್ಲಾಸ್ ಹಾಕಿದರೆ ನಾಯ್ಸ್ ಹೆಚ್ಚುವುದಿಲ್ಲ, ಬೆರಳಿನ ಸಿಗ್ನಲ್ ತಗ್ಗುತ್ತದೆ. ಆಮೇಲೆ ಸೆಟಿಂಗ್ಸ್‌ಗೆ ಹೋಗಿ ಟಚ್ ಸೆನ್ಸಿಟಿವಿಟಿ ಆನ್ ಮಾಡುತ್ತಾರೆ. ಚಿಕ್ಕ ಸಿಗ್ನಲನ್ನೂ ಬೆರಳು ಅಂತ ಒಪ್ಪಿಕೊಳ್ಳಲು ಹೇಳಿದಂತಾಯಿತು, ಅದರ ಜೊತೆ ನಾಯ್ಸ್ ಕೂಡ ಒಳಗೆ ನುಗ್ಗುತ್ತದೆ. ಬಯ್ಯಿಸಿಕೊಳ್ಳುವುದು ಮಾತ್ರ ಡಿಸ್‌ಪ್ಲೇ.

ಅನುಮಾನ ಇದ್ದರೆ ಹೀಗೆ ನೋಡಿ. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಬರುತ್ತದೆ. ಅದರಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ, ಟಚ್ ಆದ ಜಾಗವನ್ನು ಅದು ಗೆರೆ ಎಳೆದು ತೋರಿಸುತ್ತದೆ. ಪರದೆ ಒರೆಸಿ, ಚಾರ್ಜರ್ ಕಿತ್ತು, ಕೈ ತೆಗೆದು ಕೆಳಗಿಡಿ. ಮೊದಲು ಬಿಳಿ ಪರದೆ, ಆಮೇಲೆ ಸಣ್ಣ ಚೌಕಳಿ ಚಿತ್ರ. ಚೌಕಳಿ ಬಂದಾಗ ಮಾತ್ರ ತಾನಾಗಿ ಗೆರೆಗಳು ಮೂಡಿದರೆ ಡಿಸ್‌ಪ್ಲೇ ನಾಯ್ಸ್ ಅನ್ನಲು ಕಾರಣವಿದೆ. ಇದು ಜಾಸ್ತಿ ಕಾಣಿಸುವುದು ಕಾಪಿ (ಒರಿಜಿನಲ್ ಅಲ್ಲದ) ಫೋಲ್ಡರ್ ಹಾಕಿಸಿದ ಫೋನ್‌ಗಳಲ್ಲಿ. ಒಂದೋ ಹೊಸ ಪರದೆಗೂ ಟಚ್ ಚಿಪ್‌ನ ಸೆಟಿಂಗ್‌ಗೂ ತಾಳೆಯಾಗಿರುವುದಿಲ್ಲ, ಇಲ್ಲವೇ ಹಳೆಯ ಪರದೆಯ ಬೆನ್ನಿಗಿದ್ದ, ನಾಯ್ಸನ್ನು ಗ್ರೌಂಡಿಗೆ ಹರಿಸುವ ಗ್ರೌಂಡ್ ಟೇಪನ್ನು ಬಿಚ್ಚುವಾಗ ಕಿತ್ತು ಹಾಗೇ ಮುಚ್ಚಿರುತ್ತಾರೆ. ಮತ್ತೊಂದು ಫೋಲ್ಡರ್‌ಗೆ ದುಡ್ಡು ಕೊಡುವ ಮೊದಲು ಆ ಟೇಪ್ ಇದೆಯಾ ಅಂತ ತೆರೆಸಿ ನೋಡಿ.