ಚಕ್ರಕ್ಕೆ ಬಣ್ಣದ ಲೈಟ್ ಹಾಕಿದ ಮೇಲೂ ಹಿಂದೆ ಕೆಂಪು ಲೈಟ್ ಬೇಕಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತೆ. ಚಕ್ರಕ್ಕೆ ಬಣ್ಣಬಣ್ಣದ ಎಲ್‌ಇಡಿ ಹಾಕಿಸಿಕೊಡಿ ಅಂತ ಹಟ ಹಿಡಿದಿದ್ದಾಳೆ. ಅಷ್ಟೊಂದು ಝಗಮಗ ಅನ್ನುತ್ತಲ್ಲ, ಅದೊಂದೇ ಹಾಕಿಸಿದರೆ ಸಾಕಾ? ಮುಂದೆ, ಹಿಂದೆ ಬೇರೆ ಲೈಟ್ ಬೇಕೇ ಬೇಕಾ?

ಉತ್ತರ: ಬೇಕೇ ಬೇಕು. ಹಾಗಂತ ಮಗಳಿಗೆ ಬೇಡ ಅನ್ನಬೇಡಿ, ಚಕ್ರದ ಲೈಟನ್ನೂ ಹಾಕಿಸಿಕೊಡಿ. ಪಕ್ಕದಿಂದ ನೋಡುವವರಿಗೆ ಸೈಕಲ್ ಕಾಣಿಸುವ ಹಾಗೆ ಮಾಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಹಿಂದಿನಿಂದ ಬರುವ ಬಸ್ಸಿಗೂ ಎದುರಿನಿಂದ ಬರುವ ಬೈಕಿಗೂ ಅದು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಅಂಗಡಿಯ ಪೋಸ್ಟರಿನಲ್ಲಿ, ವಿಡಿಯೊಗಳಲ್ಲಿ ಈ ಲೈಟನ್ನು ಯಾವಾಗಲೂ ಪಕ್ಕದಿಂದಲೇ ತೋರಿಸುತ್ತಾರೆ. ಅದಕ್ಕೇ ಇಷ್ಟು ಜನಕ್ಕೆ ಈ ಅನುಮಾನ ಬರುತ್ತದೆ.

ಇದನ್ನು ನೀವೇ ನೋಡಿ ತಿಳಿದುಕೊಳ್ಳಬಹುದು. ಬೀದಿ ದೀಪ ಇಲ್ಲದ ಕಡೆ, ರಾತ್ರಿ, ಸೈಕಲ್ಲನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಮಗಳು ಪೆಡಲ್ ಹಿಡಿದು ಕೈಯಲ್ಲೇ ತಿರುಗಿಸುತ್ತಿರಲಿ. ನೀವು ಮೂವತ್ತು ಹೆಜ್ಜೆ ದೂರದಲ್ಲಿ, ಪಕ್ಕಕ್ಕೆ ನಿಂತು ಶುರು ಮಾಡಿ. ಆಗ ತುಂಬು ವೃತ್ತ ಕಾಣುತ್ತದೆ, ಬಹಳ ಚೆಂದ. ಅಷ್ಟೇ ದೂರ ಇಟ್ಟುಕೊಂಡು ನಿಧಾನಕ್ಕೆ ಸೈಕಲ್‌ನ ಹಿಂಭಾಗದ ಕಡೆಗೆ ನಡೆಯಿರಿ. ವೃತ್ತ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆಮೇಲೆ ಸಣ್ಣಗಾಗಿ ಒಂದು ಗೆರೆಯಾಗುತ್ತದೆ. ಸರಿಯಾಗಿ ಹಿಂದಕ್ಕೆ ಬಂದು ನಿಂತಾಗ ಏನು ಉಳಿದಿದೆ ನೋಡಿ. ದಪ್ಪ ಟೈರ್ ಅಂದರೂ ಅಗಲ ಐದು ಸೆಂಟಿಮೀಟರ್ ಆಸುಪಾಸು. ಲೈಟ್ ಇರುವುದು ಅದರ ಒಳಗೆ, ಕಡ್ಡಿಗಳ ನಡುವೆ. ಅದರ ಮೇಲೆ ಮಡ್‌ಗಾರ್ಡ್, ಮಡ್‌ಗಾರ್ಡ್ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಸ್ಕೂಲ್ ಬ್ಯಾಗು. ಅಲ್ಲೊಂದು ಇಲ್ಲೊಂದು ಮಿಣುಕು ಬಿಟ್ಟರೆ ಏನೂ ಇರಲ್ಲ.

ಈಗ ಅದೇ ಜಾಗದಲ್ಲಿ ನಿಮ್ಮ ಬದಲು ಒಂದು ಗಾಡಿ ಇದೆ ಅಂದುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಮುಂದೆ ಏನೋ ಇದೆ ಅಂತ ಡ್ರೈವರಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೂ 20 ಮೀಟರ್ ಆಗಿಹೋಯಿತು. ಗಾಡಿ ನಿಲ್ಲುವ ಲೆಕ್ಕ ಶುರುವಾಗುವುದು ಅದಾದ ಮೇಲೆ. ಆದ್ದರಿಂದ ಹಿಂದಿನವರಿಗೆ ಸೈಕಲ್ ಬಹಳ ದೂರದಿಂದಲೇ ಕಾಣಬೇಕು. ಸೀಟಿನ ಕೆಳಗೆ ನೇರ ಹಿಂದಕ್ಕೆ ಮುಖ ಮಾಡಿದ ಒಂದು ಕೆಂಪು ಲೈಟ್ ಆ ಕೆಲಸ ಮಾಡುತ್ತದೆ. ಚಕ್ರದಲ್ಲಿ ನೂರು ಬಲ್ಬ್ ಇದ್ದರೂ ಆಗಲ್ಲ. ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಟ್ಯೂಷನ್ ಬಿಡುವ ಹೊತ್ತಿಗೂ ಆಫೀಸಿನವರೆಲ್ಲ ಅವಸರದಲ್ಲಿ ಮನೆಗೆ ಹೊರಡುವ ಹೊತ್ತಿಗೂ ಸರಿಹೋಗುತ್ತದೆ.

ಮುಂದಿನ ಬಿಳಿ ಲೈಟಿನ ಕೆಲಸ ಎರಡು: ಗುಂಡಿ, ಹಂಪು ಅವಳಿಗೆ ಕಾಣಬೇಕು, ಅವಳು ಎದುರಿನವರಿಗೆ ಕಾಣಬೇಕು.

ಹಾಗಾದರೆ ಚಕ್ರದ ಲೈಟ್ ಯಾಕೆ? ಅಡ್ಡರಸ್ತೆಗಾಗಿ. ಮಗಳು ಅಡ್ಡರಸ್ತೆಯಿಂದ ಮುಖ್ಯ ರಸ್ತೆ ದಾಟುತ್ತಿದ್ದಾಳೆ ಅನ್ನಿ. ಮುಖ್ಯ ರಸ್ತೆಯಲ್ಲಿ ಬರುವವನಿಗೆ ಅವಳ ಮುಂದಿನ ಲೈಟೂ ಸರಿಯಾಗಿ ಕಾಣಲ್ಲ, ಹಿಂದಿನದೂ ಕಾಣಲ್ಲ. ಅವನಿಗೆ ಕಾಣುವುದು ಸೈಕಲ್‌ನ ಪಕ್ಕ ಮಾತ್ರ. ಕಡ್ಡಿಗಳ ನಡುವೆ ಹಳದಿ ರಿಫ್ಲೆಕ್ಟರ್ ಇರುತ್ತಲ್ಲ ಅಂತ ನೀವು ಕೇಳಬಹುದು. ರಿಫ್ಲೆಕ್ಟರ್ ತನ್ನ ಮೇಲೆ ಬಿದ್ದ ಬೆಳಕನ್ನು, ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ಮಾತ್ರ ಹೊಳೆಯುತ್ತದೆ. ತಿರುವಿನಲ್ಲಿ, ಅಡ್ಡರಸ್ತೆಯ ಬಾಯಲ್ಲಿ, ಹೆಡ್‌ಲೈಟ್ ಇನ್ನೂ ಬೇರೆ ಕಡೆ ನೋಡುತ್ತಿರುತ್ತದೆ. ಚಕ್ರದ ಎಲ್‌ಇಡಿ ಯಾರ ಬೆಳಕಿಗೂ ಕಾಯಲ್ಲ. ನಡೆದು ಹೋಗುವವರಿಗೂ, ಹೆಡ್‌ಲೈಟ್ ಹಾಕದ ಬೈಕಿನವರಿಗೂ ಕಾಣುತ್ತದೆ. ಅದೂ ಎರಡು ವೃತ್ತ ಒಟ್ಟಿಗೆ ಉರುಳಿ ಬಂದರೆ, ಅದು ಸೈಕಲ್ ಅಂತ ಯಾರಿಗಾದರೂ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ರಿಫ್ಲೆಕ್ಟರ್ ಕಿತ್ತು ಆ ಜಾಗಕ್ಕೆ ಲೈಟ್ ಕೂರಿಸಬೇಡಿ. ಸೆಲ್ ಮುಗಿಯುತ್ತದೆ, ರಿಫ್ಲೆಕ್ಟರ್ ಮುಗಿಯಲ್ಲ.

ಬೇರೆ ದೇಶಗಳ ಕಾನೂನಿನಲ್ಲೂ ಇದೇ ಲೆಕ್ಕ ಕಾಣುತ್ತದೆ. ಬ್ರಿಟನ್ನಿನಲ್ಲಿ ರಾತ್ರಿ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಉರಿಯಲೇಬೇಕು, ಹಿಂದೆ ಕೆಂಪು ರಿಫ್ಲೆಕ್ಟರೂ ಇರಬೇಕು. ಜರ್ಮನಿಯಲ್ಲಿ ಪಕ್ಕಕ್ಕೆ ಕಾಣುವ ರಿಫ್ಲೆಕ್ಟರ್ ಚಕ್ರಕ್ಕೆ ಕಡ್ಡಾಯ. ಚಕ್ರದ ಅಲಂಕಾರ ಎಷ್ಟೇ ಹೊಳೆದರೂ ಹಿಂದಿನ ಲೈಟಿನ ಬದಲಿ ಅಂತ ಈ ಎರಡೂ ಕಡೆ ಒಪ್ಪುವುದಿಲ್ಲ.

ಅಲಂಕಾರದ ಲೈಟೇ ಮುಖ್ಯ ಲೈಟ್ ಆಗಿರುವ ಊರೊಂದಿದೆ. ಅಮೆರಿಕದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಪ್ರತಿ ವರ್ಷ ಬರ್ನಿಂಗ್ ಮ್ಯಾನ್ ಎಂಬ ದೊಡ್ಡ ಉತ್ಸವ ನಡೆಯುತ್ತದೆ. ಹತ್ತಾರು ಸಾವಿರ ಜನ ಬಟಾಬಯಲಲ್ಲಿ ಟೆಂಟ್ ಹಾಕಿ, ಒಂದು ವಾರದ ಮಟ್ಟಿಗೆ ಊರು ಕಟ್ಟುತ್ತಾರೆ. ಅಲ್ಲಿ ಓಡಾಟವೆಲ್ಲ ಹೆಚ್ಚಾಗಿ ಸೈಕಲ್‌ನಲ್ಲಿ. ರಾತ್ರಿ ಆ ಬಯಲಿನಲ್ಲಿ ಲೈಟ್ ಇಲ್ಲದೆ ಓಡಾಡುವುದು ಅಪಾಯ. ಹಾಗಾಗಿ ಚಕ್ರ, ಹ್ಯಾಂಡಲ್, ಫ್ರೇಮು ಎಲ್ಲಕ್ಕೂ ಎಲ್‌ಇಡಿ ಸುತ್ತುತ್ತಾರೆ. ಅಲ್ಲಿ ಅದು ಚೆನ್ನಾಗಿ ನಡೆಯುವುದಕ್ಕೆ ಕಾರಣ ಇದೆ. ಬಯಲಿನಲ್ಲಿ ಜನ ಎಲ್ಲ ದಿಕ್ಕಿನಿಂದಲೂ ಬರುತ್ತಾರೆ, ಪಕ್ಕದ ನೋಟಕ್ಕೇ ಬೆಲೆ ಜಾಸ್ತಿ. ಊರೊಳಗೆ ಗಾಡಿಗಳಿಗೆ ವೇಗದ ಮಿತಿ ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ಅಷ್ಟು ನಿಧಾನಕ್ಕೆ ಬರುವ ಗಾಡಿಗೆ ಹತ್ತಿರ ಬಂದ ಮೇಲೆ ಸೈಕಲ್ ಕಂಡರೂ ನಡೆಯುತ್ತದೆ. ನಮ್ಮ ರಿಂಗ್ ರೋಡಿನಲ್ಲಿ ಹಾಗೆ ನಡೆಯಲ್ಲ, ಅಲ್ವಾ?

ಚಕ್ರದಲ್ಲೇ ಮುಂದಿನ, ಹಿಂದಿನ ಲೈಟ್ ಮಾಡುವ ಪ್ರಯತ್ನವೂ ನಡೆದಿದೆ. 2011ರಲ್ಲಿ ಅಮೆರಿಕದಲ್ಲಿ ರೆವೊಲೈಟ್ಸ್ ಎಂಬ ಹೆಸರಿನ ಲೈಟ್ ಬಂತು. ರಿಮ್ ಸುತ್ತ ಎಲ್‌ಇಡಿ ಬಳೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಅಳೆದು, ಮುಂದಿನ ಚಕ್ರದಲ್ಲಿ ಮುಂಭಾಗಕ್ಕೆ ಬಂದ ಬಲ್ಬ್ ಮಾತ್ರ ಬಿಳಿಯಾಗಿ, ಹಿಂದಿನ ಚಕ್ರದಲ್ಲಿ ಹಿಂಭಾಗಕ್ಕೆ ಬಂದ ಬಲ್ಬ್ ಮಾತ್ರ ಕೆಂಪಾಗಿ ಉರಿಯುವ ಹಾಗೆ ಮಾಡಿದ್ದರು. ನನಗೆ ಬಹಳ ಮೆಚ್ಚಿಗೆಯಾದ ಯೋಚನೆ ಅದು. ಆದರೆ ನೂರು, ಇನ್ನೂರು ರೂಪಾಯಿಗೆ ಸಿಗುವ ಲೈಟುಗಳಲ್ಲಿ ಈ ಜಾಣತನ ಇರುವುದಿಲ್ಲ. ಅವು ಸುಮ್ನೆ ಉರಿಯುತ್ತವೆ.

ತಿರುಗುವ ಚಕ್ರದಲ್ಲಿ ಚಿತ್ರ ಮೂಡಿಸುವ ಲೈಟನ್ನೂ ನಿಮ್ಮ ಮಗಳು ನೋಡಿರಬಹುದು. ನಕ್ಷತ್ರ, ಬೆಂಕಿ, ಅಕ್ಷರ ಎಲ್ಲ ಬರುತ್ತದೆ. ದೀಪಾವಳಿಯಲ್ಲಿ ಸುರ್‌ಸುರ್ ಬತ್ತಿ ಹಿಡಿದು ಕೈ ತಿರುಗಿಸಿದರೆ ಗಾಳಿಯಲ್ಲಿ ಬೆಳಕಿನ ಬಳೆ ಕಾಣುತ್ತಲ್ಲ, ಅದೇ ವಿದ್ಯೆ. ಕಣ್ಣಿಗೆ ಬಿದ್ದ ಬೆಳಕು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾಸದೆ ಉಳಿಯುತ್ತದೆ. ಹಬ್‌ನಿಂದ, ಅಂದರೆ ಚಕ್ರದ ನಡುಭಾಗದಿಂದ, ರಿಮ್‌ವರೆಗೆ ಬಲ್ಬ್‌ಗಳ ಒಂದು ಪಟ್ಟಿ ಇರುತ್ತದೆ. ಚಕ್ರವನ್ನು ಹಿಡಿದಿರುವ ಕವಲಿಗೆ, ಅಂದರೆ ಫೋರ್ಕಿಗೆ, ಒಂದು ಪುಟ್ಟ ಅಯಸ್ಕಾಂತ ಅಂಟಿಸಿರುತ್ತಾರೆ. ಪಟ್ಟಿ ಅದರ ಮುಂದೆ ಹಾದುಹೋದಾಗಲೆಲ್ಲ ಒಂದು ಸುತ್ತು ಆಯಿತು ಅಂತ ಚಿಪ್‌ಗೆ ಗೊತ್ತಾಗುತ್ತದೆ. ಆ ಸುತ್ತಿಗೆ ಹಿಡಿದ ಹೊತ್ತನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು, ಪ್ರತಿ ತುಂಡಿನಲ್ಲೂ ಯಾವ ಬಲ್ಬ್ ಉರಿಯಬೇಕು ಅಂತ ಹೇಳುತ್ತದೆ. ಲಿಮೋರ್ ಫ್ರೈಡ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಸ್ಪೋಕ್‌ಪಿಒವಿ ಕಿಟ್ ಕೆಲಸ ಮಾಡುವುದು ಹೀಗೆ. ಅದರ ನಕ್ಷೆಯನ್ನು ಆಕೆ ಎಲ್ಲರಿಗೂ ಬಿಟ್ಟುಕೊಟ್ಟರು.

ಇದರಲ್ಲಿ ಒಂದು ತೊಡಕಿದೆ, ದುಡ್ಡು ಕೊಡುವ ಮೊದಲು ಗೊತ್ತಿರಲಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತದೆ. ಮಗಳು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋದರೆ ಚಕ್ರ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ, ಅಷ್ಟೇ. ಒಂದೇ ಪಟ್ಟಿ ಇದ್ದರೆ ಅದು ಮತ್ತೆ ಅದೇ ಜಾಗಕ್ಕೆ ಬರುವಷ್ಟರಲ್ಲಿ ಕಣ್ಣಿನಲ್ಲಿದ್ದ ಚಿತ್ರ ಅಳಿಸಿಹೋಗಿರುತ್ತದೆ. ನೋಡುವವರಿಗೆ ಒಂದು ತುಂಡು ಬೆಳಕು ಓಡಿದ ಹಾಗೆ ಕಾಣುತ್ತದೆ. ನಾಲ್ಕು ಪಟ್ಟಿ ಇದ್ದು, ವೇಗ 20 ಕಿ.ಮೀ. ಮುಟ್ಟಿದರೆ ಚಿತ್ರ ತುಂಬಿಕೊಳ್ಳುತ್ತದೆ. ಮಕ್ಕಳು ಓಡಿಸುವ ವೇಗಕ್ಕೆ ಅಷ್ಟು ಖರ್ಚು ಮಾಡುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಬಣ್ಣದ ಸಾದಾ ವೃತ್ತವೇ ದೂರದಿಂದ ಚೆನ್ನಾಗಿ ಕಾಣುತ್ತದೆ.

ಸಾದಾ ಲೈಟುಗಳಲ್ಲಿ ಮೂರು ಬಗೆ ಅಂಗಡಿಯಲ್ಲಿ ಸಿಗುತ್ತವೆ. ವಾಲ್ವ್ ಮೇಲೆ ಕ್ಯಾಪ್ ತರಹ ತಿರುಗಿಸಿ ಕೂರಿಸುವುದು ಒಂದು. ಕೊಳ್ಳುವ ಮೊದಲು ಸೈಕಲ್‌ನ ವಾಲ್ವ್ ನೋಡಿ. ಬೈಕು, ಕಾರಿಗೆ ಇರುವಂಥ ದಪ್ಪ ವಾಲ್ವ್‌ಗೆ ಮಾಡಿದ ಕ್ಯಾಪ್, ರಬ್ಬರ್ ವಾಲ್ವ್ ಟ್ಯೂಬ್ ಹಾಕುವ ಹಳೇ ತರಹದ ಸೈಕಲ್‌ಗೆ ಕೂರುವುದಿಲ್ಲ. ಕಡ್ಡಿಗೆ ಸಿಕ್ಕಿಸುವ ಬಿಲ್ಲೆಯಂಥ ಲೈಟ್ ಇನ್ನೊಂದು. ಮೂರನೆಯದು ಸೀರಿಯಲ್ ಸೆಟ್ ತರಹದ್ದು, ತೆಳು ವೈರು, ಅದರ ತುಂಬ ಬಲ್ಬು, ತುದಿಯಲ್ಲಿ ಪೆನ್‌ಸೆಲ್ ಹಾಕುವ ಡಬ್ಬಿ. ದೊಡ್ಡ ವೃತ್ತ ಸಿಗುವುದು ಇದರಲ್ಲೇ. ನಾನು ಹೇಳುವುದೂ ಇದನ್ನೇ. ಆದರೆ ಕಟ್ಟುವಾಗ ತಾಳ್ಮೆ ಬೇಕು.

ಸೆಲ್ಲಿನ ಡಬ್ಬಿ ಹಬ್ ಹತ್ತಿರವೇ ಇರಲಿ. ಚಕ್ರ ತಿರುಗುವಾಗ ಅದರಲ್ಲಿರುವ ಎಲ್ಲವನ್ನೂ ಹೊರಕ್ಕೆ ತಳ್ಳುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ರಿಮ್ ಬಳಿ ಆ ತಳ್ಳಾಟ ವಸ್ತುವಿನ ತೂಕದ ಸುಮಾರು ಎಂಟು ಪಟ್ಟು ಇರುತ್ತದೆ. ಹಬ್‌ನಿಂದ ಹತ್ತು ಸೆಂಟಿಮೀಟರ್ ಒಳಗೆ ಅದು ಮೂರು ಪಟ್ಟು ಮೀರಲ್ಲ. ಡಬ್ಬಿಯನ್ನು ಎರಡು ಕಡ್ಡಿಗೆ ಸೇರಿಸಿ, ಎರಡು ಕೇಬಲ್ ಟೈ ಹಾಕಿ ಬಿಗಿಯಿರಿ, ಬಾಲ ಕತ್ತರಿಸಿ. ವೈರನ್ನು ಒಂದು ಕಡ್ಡಿಯ ಹೊರಗೆ, ಮುಂದಿನ ಕಡ್ಡಿಯ ಒಳಗೆ ಅಂತ ನೇಯುತ್ತಾ ಹೋಗಿ. ರಿಮ್‌ಗೆ ತೀರಾ ಹತ್ತಿರ ಹೋಗಬೇಡಿ, ಅಲ್ಲಿ ಬ್ರೇಕ್ ರಬ್ಬರ್ ಇರುತ್ತದೆ. ಹಿಂದಿನ ಚಕ್ರದಲ್ಲಿ ಬಲಗಡೆ ಚೈನು, ಅದಕ್ಕೇ ಡಬ್ಬಿ, ವೈರಿನ ಗಂಟು ಎಲ್ಲ ಎಡಗಡೆ ಇರಲಿ. ಕಟ್ಟಿ ಮುಗಿದ ಮೇಲೆ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಟಿಕ್ ಅಂದರೆ ಬಿಚ್ಚಿ ಮತ್ತೆ ಕಟ್ಟಿ. ಸಡಿಲಾದ ವೈರು ಓಡುವ ಚಕ್ರಕ್ಕೆ ಸುತ್ತಿಕೊಂಡರೆ ಬೀಳುವುದು ನಿಮ್ಮ ಮಗಳು.

ಬಣ್ಣ ಹಳದಿ ಅಥವಾ ಹಸಿರು ಇರಲಿ. ಮುಂದಿನ ಚಕ್ರಕ್ಕೆ ಕೆಂಪು ಬೇಡ. ಕೆಂಪು ಅಂದರೆ ಗಾಡಿಯ ಹಿಂಭಾಗ ಅನ್ನುವುದು ಎಲ್ಲರ ತಲೆಯಲ್ಲೂ ಕೂತಿದೆ, ಸೈಕಲ್ ಯಾವ ಕಡೆ ಹೋಗುತ್ತಿದೆ ಅನ್ನುವುದೇ ಗೊಂದಲವಾಗುತ್ತದೆ. ಕೆಂಪು ನೀಲಿ ಒಟ್ಟಿಗೆ ಮಿನುಗುವುದಂತೂ ಬೇಡವೇ ಬೇಡ, ಅದು ಪೊಲೀಸ್ ಗಾಡಿ, ಆಂಬುಲೆನ್ಸ್‌ನ ಗುರುತು. ಮಿನುಗುವ ಮೋಡ್ ಬದಲು ನಿಂತು ಉರಿಯುವ ಮೋಡ್ ಇಡಿ. ಚಕ್ರ ತಿರುಗುವುದರಿಂದಲೇ ಬೇಕಾದಷ್ಟು ಚಲನೆ ಕಾಣುತ್ತದೆ. ಇನ್ನೊಂದು ವಿಷಯ. ಕೆಲವು ಲೈಟ್ ಚಕ್ರ ತಿರುಗಿದಾಗ ಮಾತ್ರ ಹೊತ್ತಿಕೊಳ್ಳುತ್ತವೆ, ನಿಂತ ಸ್ವಲ್ಪ ಹೊತ್ತಿಗೆ ಆರುತ್ತವೆ. ಟೈರಿಗೆ ಉಜ್ಜುವ ಡೈನಮೊ ಹಾಕಿ ಓಡಿಸಿದವರಿಗೆ ಈ ಕಷ್ಟ ಗೊತ್ತು. ಸಿಗ್ನಲ್‌ನಲ್ಲಿ, ರಸ್ತೆ ದಾಟಲು ಕಾಯುವಾಗ, ಸ್ವಿಚ್ ಇರುವ ಹಿಂದಿನ ಕೆಂಪು ಲೈಟೇ ಗತಿ.

ದುಡ್ಡಿಗೆ ಬಿಗಿ ಇದ್ದರೆ ಮೊದಲು ಹಿಂದಿನ ಕೆಂಪು ಲೈಟ್ ತನ್ನಿ, ಆಮೇಲೆ ಮುಂದಿನದು, ಆಮೇಲೆ ಚಕ್ರದ್ದು. ಮಗಳ ಹಟ ಚಕ್ರದ ಲೈಟಿಗೆ ಅಂತ ಗೊತ್ತು. ಮೂರನ್ನೂ ಒಂದೇ ದಿನ ತಂದರೆ ಇನ್ನೂ ಒಳ್ಳೆಯದು.

ಕೊನೆಗೆ ಸೆಲ್ಲಿನ ಮಾತು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ವಾಲ್ವ್ ಕ್ಯಾಪ್ ಲೈಟ್, ಕಡ್ಡಿಗೆ ಸಿಕ್ಕಿಸುವ ಲೈಟ್‌ಗಳಲ್ಲಿ ಇರುವುದು ಗುಂಡಿಯಂಥ ಸೆಲ್. ಸಿಆರ್2032 ಎಂಬ ಸೆಲ್ 20 ಮಿಲಿಮೀಟರ್ ಅಗಲ ಇರುತ್ತದೆ. ಮಗು ಅದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದಲ್ಲಿ ಕರೆಂಟ್ ಹರಿದು ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಟ್ಟುಬಿಡುತ್ತದೆ. ಸೆಲ್ ಖಾಲಿಯಾಗಿದೆ, ಪರವಾಗಿಲ್ಲ ಅನ್ನುವ ಹಾಗಿಲ್ಲ. ಲೈಟ್ ಹೊತ್ತಿಸಲಾಗದ ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಗುವನ್ನು ಎತ್ತಿಕೊಂಡು ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಇರುವ ಲೈಟನ್ನೇ ಕೊಳ್ಳಿ. ಬದಲಾಯಿಸಿದ ಹಳೇ ಸೆಲ್ಲನ್ನು ಕಿಟಕಿ ಮೇಲೆ ಇಡಬೇಡಿ. ಎರಡೂ ಮುಖಕ್ಕೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಟ್ಟು, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.