ವರ್ಕಹಾಲಿಕ್ ಹೊಗಳುವ ಪದ ಅಲ್ಲ

'ಹುಡುಗ ವರ್ಕಹಾಲಿಕ್, ಯಾವ ಚಟವೂ ಇಲ್ಲ.' ಮದುವೆ ಜಾಹೀರಾತುಗಳಲ್ಲಿ ಇಂಥ ಸಾಲು ಕಂಡಾಗಲೆಲ್ಲ ಬೇಜಾರಾಗುತ್ತದೆ. ಕೆಲಸಕ್ಕೆ ಹಾಕುವ ಅರ್ಜಿಗಳಲ್ಲಂತೂ ಇದು ಇನ್ನೂ ಜಾಸ್ತಿ. ಆದರೆ ವರ್ಕಹಾಲಿಕ್ ಅಂದರೆ ಕೆಲಸದ ಚಟ ಹತ್ತಿದವನು, ಈ ಪದ ಹುಟ್ಟಿದ್ದೇ ಚಟದ ಹೆಸರಿನಿಂದ.

ಇದನ್ನು ಬಳಕೆಗೆ ತಂದವರು ವೇನ್ ಓಟ್ಸ್. ಅಮೆರಿಕದ ಪಾದ್ರಿ, ಮನಶ್ಶಾಸ್ತ್ರವನ್ನೂ ಬಲ್ಲವರು. 1968ರಲ್ಲಿ ಒಂದು ಲೇಖನ ಬರೆದರು, 1971ರಲ್ಲಿ ಪುಸ್ತಕ ತಂದರು. ಕುಡುಕನಿಗೆ ಕುಡಿತ ಹೇಗೋ ತಮಗೆ ಕೆಲಸ ಹಾಗೆ ಎಂದು ಅವರಿಗೆ ಅನಿಸಿತ್ತು. ಪುಸ್ತಕದ ಹೆಸರಿನಲ್ಲೇ 'ತಪ್ಪೊಪ್ಪಿಗೆ' ಎಂಬ ಮಾತಿದೆ. ಹೆಮ್ಮೆಪಡುವ ವಿಷಯಕ್ಕೆ ಯಾರಾದರೂ ತಪ್ಪೊಪ್ಪಿಗೆ ಬರೆಯುತ್ತಾರಾ?

ಈಗ ಈ ಪದದ ಬಾಲವಾದ 'ಅಹಾಲಿಕ್'ನ ಕಥೆ. ಇಂಗ್ಲಿಷಿನಲ್ಲಿ 'ಅಹಾಲಿಕ್' ಎಂಬ ಪ್ರತ್ಯಯ ಮೊದಲು ಇರಲೇ ಇಲ್ಲ. ಇದ್ದದ್ದು ಆಲ್ಕೊಹಾಲ್, ಅದಕ್ಕೆ 'ಇಕ್' ಸೇರಿ ಆಲ್ಕೊಹಾಲಿಕ್, ಅಂದರೆ ಕುಡುಕ. ಆಲ್ಕೊಹಾಲ್‌ನ ಮೂಲ ಅರಬ್ಬಿಯ 'ಅಲ್-ಕುಹ್ಲ್'. ಇದರಲ್ಲಿ 'ಅಲ್' ಅನ್ನುವುದು ಅರಬ್ಬಿ ನಾಮಪದಗಳ ಮುಂದೆ ಬರುವ ಗುರುತು. ಕುಹ್ಲ್ ಅಂದರೆ ಕಣ್ಣಿಗೆ ಹಚ್ಚುವ ಪುಡಿ, ನಮ್ಮಲ್ಲಿ ಸುರ್ಮಾ ಅನ್ನುತ್ತೇವಲ್ಲ, ಅದೇ. ಯುರೋಪಿನ ರಸವಾದಿಗಳ ಬಾಯಲ್ಲಿ ಅದು ಯಾವುದೇ ನುಣ್ಣನೆಯ ಪುಡಿಯ ಹೆಸರಾಯಿತು. ಆಮೇಲೆ ಕಾಯಿಸಿ ಇಳಿಸಿದ ಸಾರಕ್ಕೂ ಅದೇ ಹೆಸರು ಬಂತು. 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ದ್ರಾಕ್ಷಿಯ ಮದ್ಯದಿಂದ ಇಳಿಸಿದ ಸಾರವನ್ನು ಹೀಗೆ ಕರೆದ. ಅಂತೂ ಕಣ್ಣಿನ ಸುರ್ಮಾ ಹೆಂಡದ ಸಾರವಾಯಿತು!

ವರ್ಕಹಾಲಿಕ್ ಪದ ಕಟ್ಟಿದಾಗ ಕತ್ತರಿ ಬಿದ್ದದ್ದು ಕುಹ್ಲ್‌ನ ಹೊಟ್ಟೆಯ ಮೇಲೆ. 'ಅಲ್' ಹೋಯಿತು, 'ಕ' ಕೂಡ ಹೋಯಿತು. ಇದನ್ನು ತಪ್ಪು ಅನ್ನಬೇಕಾಗಿಲ್ಲ, ಬೆರಕೆ ಪದಗಳು ಹುಟ್ಟುವುದೇ ಹೀಗೆ. ಹೆಲಿಕಾಪ್ಟರ್ ಕೂಡ ಮೂಲದಲ್ಲಿ 'ಹೆಲಿಕೊ' ಮತ್ತು 'ಪ್ಟರ್', ಅಂದರೆ ಸುರುಳಿ ಮತ್ತು ರೆಕ್ಕೆ. ಅದನ್ನು ಬೇರೆ ಕಡೆ ಮುರಿದೇ ಹೆಲಿಪ್ಯಾಡ್ ಮಾಡಿದ್ದು.

ಚಾಕೊಹಾಲಿಕ್ (ಚಾಕೊಲೇಟ್ ಚಟದವರು), ಶಾಪಹಾಲಿಕ್ (ಅಂಗಡಿಯಲ್ಲಿ ಕೊಳ್ಳುವ ಚಟದವರು) ಕೂಡ ಇದೇ ಬಾಲ ಹೊತ್ತ ಪದಗಳು. ಶಾಪಹಾಲಿಕ್ ಸೊಸೆ ಬೇಕು ಎಂದು ಯಾರೂ ಜಾಹೀರಾತು ಕೊಡುವುದಿಲ್ಲ, ಅಲ್ವಾ? ವರ್ಕಹಾಲಿಕ್ ಒಂದಕ್ಕೆ ಮಾತ್ರ ಏಕೆ ಈ ಮರ್ಯಾದೆ?

ಮೈಮುರಿದು ದುಡಿಯುವವರಿಗೆ ನಮ್ಮಲ್ಲಿ 'ಕಷ್ಟಜೀವಿ' ಎಂಬ ಒಳ್ಳೆಯ ಮಾತಿದೆ. ನಾಟಿ ಸಮಯದಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಗದ್ದೆಯಲ್ಲಿರುವ ರೈತ ಕಷ್ಟಜೀವಿ. ಕೆಲಸ ಮುಗಿದ ಮೇಲೆ ಅವನು ಅರಳಿಕಟ್ಟೆಯಲ್ಲಿ ಕೂತು ಹರಟುತ್ತಾನೆ, ಹಬ್ಬ ಮಾಡುತ್ತಾನೆ. ಮಗುವಿನ ನಾಮಕರಣದ ದಿನವೂ, ಯಾರೂ ಕೇಳದಿದ್ದರೂ, ಮೂಲೆಯಲ್ಲಿ ನಿಂತು ಆಫೀಸಿನ ಮೇಲ್ ನೋಡದೆ ಇರಲಾರದವನು ವರ್ಕಹಾಲಿಕ್.