ಓದುಗರ ಪ್ರಶ್ನೆ: ಶೇ. 99 ನಿಖರ ಅಂದರೆ ಪೊಲೀಸ್ ವರದಿಗೆ ಸಾಕಲ್ವಾ?

ಪ್ರಶ್ನೆ: ವರದಿ ಟೈಪ್ ಮಾಡುವ ಬದಲು ಬಾಯಲ್ಲಿ ಹೇಳಿ ಬರೆಸುವ ಸಾಫ್ಟ್‌ವೇರ್ ತರಬೇಕು ಅಂತಿದ್ದೇವೆ. ಒಂದು ಕಂಪನಿ ಶೇ. 97 ನಿಖರ ಅನ್ನುತ್ತದೆ, ಇನ್ನೊಂದು ಶೇ. 99. ಎರಡನೆಯದನ್ನೇ ತಗೊಂಡರೆ ಆಯ್ತಲ್ವಾ?

ಉತ್ತರ: ಆಗಲಿಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಆ ಶೇಕಡಾ ಬರುವುದು ಹೀಗೆ. ಯಂತ್ರ ತಪ್ಪಾಗಿ ಬರೆದ ಪದ, ಬಿಟ್ಟ ಪದ, ಇಲ್ಲದೇ ಸೇರಿಸಿದ ಪದ, ಮೂರನ್ನೂ ಕೂಡಿಸುತ್ತಾರೆ. ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅದು ಪದದೋಷ ಪ್ರಮಾಣ, ಅಂದರೆ ವರ್ಡ್ ಎರರ್ ರೇಟ್. ಅದನ್ನು ನೂರರಿಂದ ಕಳೆದರೆ ಕಂಪನಿಯವರು ಹೇಳುವ ‘ನಿಖರತೆ’ ಸಿಗುತ್ತದೆ.

ಈಗ ಎರಡು ವಾಕ್ಯ ತಗೊಳ್ಳಿ. ‘ಅವನು ಆಮೇಲೆ ಅಲ್ಲಿಂದ ಹೊರಟುಹೋದ’ ಅಂತ ಹೇಳಿದ್ದೀರಿ. ಯಂತ್ರ ‘ಹೊರಟು ಹೋದ’ ಅಂತ ಬಿಡಿಸಿ ಬರೆಯಿತು. ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು. ನಾಲ್ಕು ಪದಕ್ಕೆ ಎರಡು ತಪ್ಪು, ಅಂದರೆ ಶೇ. 50 ದೋಷ. ಇನ್ನೊಂದು: ‘ನಾನು ಅವನಿಗೆ ಕಲ್ಲಿನಿಂದ ಹೊಡೆದಿಲ್ಲ.’ ಪಕ್ಕದಲ್ಲಿ ಸೈರನ್ ಕೂಗಿ ಕೊನೆಯ ಸದ್ದು ಮುಚ್ಚಿಹೋಯಿತು, ಯಂತ್ರ ‘ಹೊಡೆದೆ’ ಅಂತ ಬರೆಯಿತು. ನಾಲ್ಕರಲ್ಲಿ ಒಂದೇ ತಪ್ಪು, ಶೇ. 25. ಯಾರಿಗೂ ತೊಂದರೆ ಕೊಡದ ವಾಕ್ಯಕ್ಕೆ ಕೆಟ್ಟ ಅಂಕ, ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಬಹುದಾದ ವಾಕ್ಯಕ್ಕೆ ಅದಕ್ಕಿಂತ ಒಳ್ಳೆಯ ಅಂಕ! ಈ ಅಳತೆಗೆ ಎಲ್ಲಾ ಪದಗಳೂ ಒಂದೇ ತೂಕ. ವರದಿಯಲ್ಲಿ ಹಾಗಲ್ಲ.

ಐನೂರು ಪದದ ವರದಿಯಲ್ಲಿ ಶೇ. 99 ಅಂದರೆ ಐದು ತಪ್ಪು. ಆ ಐದು ಎಲ್ಲಿ ಬಿದ್ದಿವೆ? ‘ಮತ್ತು’, ‘ಆಮೇಲೆ’ಯಲ್ಲಿ ಬಿದ್ದಿದ್ದರೆ ಬಿಡಿ. ಗಾಡಿ ನಂಬರಿನಲ್ಲಿ, ಹೆಸರಿನಲ್ಲಿ, ಗಂಟೆಯಲ್ಲಿ ಬಿದ್ದಿದ್ದರೆ?

ಸರಿ, ಆ 99 ಆದರೂ ಯಾರ ಮಾತಿನ ಮೇಲೆ ಅಳೆದದ್ದು? 2017ರಲ್ಲಿ ಮೈಕ್ರೋಸಾಫ್ಟ್ ಶೇ. 5.1 ದೋಷಕ್ಕೆ ಇಳಿದಾಗ, ಮನುಷ್ಯನಿಗೆ ಸಮ ಅಂತ ದೊಡ್ಡ ಸುದ್ದಿಯಾಯಿತು. ಅಳೆದದ್ದು ಸ್ವಿಚ್‌ಬೋರ್ಡ್ ಎಂಬ ಹಳೆಯ ಧ್ವನಿಸಂಗ್ರಹದ ಮೇಲೆ. ಅಪರಿಚಿತರಿಬ್ಬರು ಕೊಟ್ಟ ವಿಷಯದ ಬಗ್ಗೆ ಫೋನಿನಲ್ಲಿ ಆರಾಮಾಗಿ ಮಾತಾಡಿದ್ದು ಅದು. ಓಡಿ ಬಂದು ಏದುಸಿರು ಬಿಡುತ್ತಾ ಹೇಳಿದ್ದಲ್ಲ. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿಗೆ ಸರಾಸರಿ ದೋಷ ಶೇ. 19, ಕಪ್ಪು ಜನರ ಮಾತಿಗೆ ಶೇ. 35. ಅದೇ ಸಾಫ್ಟ್‌ವೇರ್, ಮಾತಾಡುವವರು ಬೇರೆ, ಅಷ್ಟೇ.

ಹೊಸ ಮಾದರಿಗಳಲ್ಲಿ ಇನ್ನೊಂದು ಅಪಾಯ ಇದೆ. 2024ರ ಒಂದು ಅಧ್ಯಯನದಲ್ಲಿ ಓಪನ್‌ಎಐ ಕಂಪನಿಯ ವಿಸ್ಪರ್ ಎಂಬ, ಮಾತನ್ನು ಬರಹಕ್ಕಿಳಿಸುವ ಮಾದರಿ, ಸುಮಾರು ಶೇ. 1ರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತನ್ನೇ ಬರೆದಿತ್ತು. ಮಾತಿನ ಮಧ್ಯೆ ಮೌನ ಜಾಸ್ತಿ ಇದ್ದವರಲ್ಲಿ ಇದು ಹೆಚ್ಚು. ಹಳೆಯ ಸಾಫ್ಟ್‌ವೇರ್ ತಪ್ಪಿದರೆ ಅರ್ಥವಿಲ್ಲದ ಸಾಲು ಬರುತ್ತಿತ್ತು, ಕಣ್ಣಿಗೆ ಹೊಡೆಯುತ್ತಿತ್ತು. ಈಗಿನದು ನೀಟಾದ ವಾಕ್ಯ ಬರೆಯುತ್ತದೆ. ಓದುವವರ ಕಣ್ಣು ಹಾಗೇ ಜಾರಿ ಮುಂದೆ ಹೋಗುತ್ತದೆ.

ಹಾಗಾದರೆ ಪರೀಕ್ಷೆ ಹೇಗೆ? ನಿಮ್ಮದೇ ಸಿಬ್ಬಂದಿ, ನಿಮ್ಮದೇ ಮೈಕು. ಕೋಣೆಯಲ್ಲಿ, ಗಾಡಿಯಲ್ಲಿ, ರಸ್ತೆ ಬದಿಯಲ್ಲಿ ರೆಕಾರ್ಡ್ ಮಾಡಿ. ಇಬ್ಬರು ಬೇರೆ ಬೇರೆಯಾಗಿ ಕೇಳಿ ಸರಿಯಾದ ಪ್ರತಿ ಬರೆಯಲಿ. ಆಮೇಲೆ ಹೆಸರು, ಅಂಕಿ, ಸಮಯ, ‘ಇಲ್ಲ’ಗಳು, ಯಾರು ಯಾರಿಗೆ ಏನು ಮಾಡಿದರು, ಇವುಗಳ ತಪ್ಪನ್ನು ಪ್ರತ್ಯೇಕವಾಗಿ ಎಣಿಸಿ. ತಿದ್ದುವುದಕ್ಕೆ ಹಿಡಿದ ಹೊತ್ತನ್ನೂ ಬರೆದಿಡಿ. ಹೇಳಿ, ತಿದ್ದಿ ಮುಗಿಸುವ ಹೊತ್ತಿಗೆ ಟೈಪ್ ಮಾಡುವುದೇ ಬೇಗ ಆಗಿದ್ದರೆ ತಂದು ಪ್ರಯೋಜನವಿಲ್ಲ. ಧ್ವನಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೋ ಹೊರಗಿನ ಸರ್ವರಿಗೆ ಹೋಗುತ್ತದೋ, ಅದನ್ನು ಮೊದಲೇ ಕೇಳಿಕೊಳ್ಳಿ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಹೇಳಿ ಬರೆಸುವುದು ಬೇರೆ, ಯಂತ್ರವೇ ವರದಿ ಬರೆಯುವುದು ಬೇರೆ. ಅಮೆರಿಕದ ಆಕ್ಸಾನ್ ಕಂಪನಿ 2024ರಲ್ಲಿ ತಂದ ಡ್ರಾಫ್ಟ್ ಒನ್ ಎಂಬ ಸಾಫ್ಟ್‌ವೇರ್, ಪೊಲೀಸರು ಮೈಮೇಲೆ ಧರಿಸುವ ಬಾಡಿ ಕ್ಯಾಮೆರಾದ ಧ್ವನಿಯಿಂದಲೇ ವರದಿಯ ಕರಡು ತಯಾರಿಸುತ್ತದೆ. ಅಧಿಕಾರಿ ಕಣ್ಣಾರೆ ಕಂಡು ಬಾಯಿಬಿಟ್ಟು ಹೇಳದ ಸಂಗತಿ ಆ ಧ್ವನಿಯಲ್ಲಿ ಇರುವುದೇ ಇಲ್ಲ. ಅದೇ ವರ್ಷ ಅಲ್ಲಿನ ಸಿಯಾಟಲ್ ನಗರ ಇರುವ ಕಿಂಗ್ ಕೌಂಟಿಯ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರ) ಕಚೇರಿ, ಎಐ ಬರೆದ ವರದಿ ತೆಗೆದುಕೊಳ್ಳುವುದಿಲ್ಲ ಅಂತ ಪೊಲೀಸರಿಗೆ ತಿಳಿಸಿತು. 2025ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು: ಎಐ ಬಳಸಿದ್ದರೆ ವರದಿಯಲ್ಲೇ ಹೇಳಬೇಕು, ಮೊದಲ ಕರಡನ್ನೂ ಉಳಿಸಬೇಕು. ನೀವು ಬರೀ ಹೇಳಿ ಬರೆಸುವುದಾದರೂ ಧ್ವನಿ, ಮೊದಲ ಪ್ರತಿ, ತಿದ್ದಿದ ಪ್ರತಿ ಮೂರನ್ನೂ ಇಡಿ. ‘ಹೊಡೆದೆ’ ಅಂತ ಬರೆದದ್ದು ಯಂತ್ರವೋ, ಅಧಿಕಾರಿಯೋ, ಆಡಿದವನ ಮಾತೇ ಅದೋ ಅಂತ ಕೋರ್ಟಿನಲ್ಲಿ ವಕೀಲರು ಕೇಳಿದರೆ ತೋರಿಸಲು ಇವನ್ನು ಬಿಟ್ಟು ಬೇರೆ ದಾಖಲೆ ಇರುವುದಿಲ್ಲ.